ಡೀಸೆಲ್ ಟ್ಯಾಂಕಿನ ಮುಚ್ಚಳ

ಈ ಸಲದ ಆಯುಧಪೂಜೆಯ ದಿನ ನನಗೂ ನಮ್ಮ ಮನೆಯಾಕೆ ಸರೋಜಳಿಗೂ ಒಂದು ಸಣ್ಣ ಜಗಳವಾಯಿತು. ಜಗಳ ಕುಂಕುಮದ ವಿಷಯಕ್ಕೆ. ಮಿಕ್ಸಿ, ಫ್ರಿಜ್ಜು, ಹೊಲಿಗೆ ಮಿಷನ್ನು, ನನ್ನ ಸ್ಕೂಟರು, ಬೋರ್‌ವೆಲ್ಲಿನ ಸ್ಟಾರ್ಟರ್ ಪೆಟ್ಟಿಗೆ ಎಲ್ಲಕ್ಕೂ ನಾನು ಸಾಸಿವೆಕಾಳಿನಷ್ಟೇ ಕುಂಕುಮ ಇಟ್ಟುಕೊಂಡು ಹೋಗುತ್ತಿದ್ದೆ. ಇಡುವುದಕ್ಕೆ ಮುಂಚೆ ಕನ್ನಡಕ ಸರಿಮಾಡಿಕೊಂಡು, ಸೊಂಟ ಬಗ್ಗಿಸಿ, ಆ ಜಾಗದಲ್ಲಿ ತೂತುಗೀತು ಏನಾದರೂ ಇದೆಯೇ ಎಂದು ಪರೀಕ್ಷೆ ಬೇರೆ ಮಾಡುತ್ತಿದ್ದೆ.

"ಏನ್ರೀ ಇದು, ಕುಂಕುಮಕ್ಕೂ ಜಿಪುಣತನಾನಾ? ಇಷ್ಟು ದೊಡ್ಡ ಪೊಟ್ಟಣ ತಂದಿದ್ದೀನಿ. ಧಾರಾಳವಾಗಿ ಇಡ್ರೀ" ಎಂದಳು ಸರೋಜ.

"ಸಾಕು ಕಣೆ. ದೇವರಿಗೆ ಕಣ್ಣು ಚೆನ್ನಾಗೇ ಕಾಣುತ್ತೆ" ಎಂದೆ.

ಇನ್ನೇನೋ ಹೇಳಲು ಬಾಯಿ ತೆರೆದವಳು ತಟ್ಟನೆ ಸುಮ್ಮನಾದಳು. ನನ್ನ ಮಾತಿಗೆ ಸೋತು ಸುಮ್ಮನಾಗುವ ಹೆಂಗಸಲ್ಲ ಅವಳು. ಅವಳಿಗೆ ಹೋದ ವರ್ಷದ ನೆನಪಾಗಿತ್ತು. ನನಗಂತೂ ಅದು ಮರೆತ ದಿನವೇ ಇಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಹೇಳದಿದ್ದರೆ ಇನ್ನೂ ನಾಚಿಕೆಯಾಗುತ್ತದೆ. ಆದ್ದರಿಂದ ಹೇಳಿಬಿಡುತ್ತೇನೆ. ನಗುವುದಿದ್ದರೆ ನೀವು ಮೊದಲೇ ನಕ್ಕುಬಿಡಿ.

ನಾನು ದೊಡ್ಡಬಳ್ಳಾಪುರದ ಕಡೆಯ ಮಧುರೆ ಹೋಬಳಿಯ ಒಂದು ಸಣ್ಣ ಊರಿನವನು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದೆ. ನಮ್ಮೂರಿನಲ್ಲಿ ಮೀಸೆ ಬಂದವರಲ್ಲಿ ಬಹಳ ಜನ ನನ್ನ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಹಾಗಾಗಿ ನಾನು ಬಾಯಿ ತೆರೆದರೆ ಅದು ಪಾಠ ಎಂದೇ ಅವರು ತಿಳಿಯುತ್ತಾರೆ. ನಿಜ ಹೇಳಬೇಕೆಂದರೆ ನಾನೂ ಹಾಗೆಯೇ ತಿಳಿದುಕೊಂಡಿದ್ದೆ.

ನಮ್ಮ ಮನೆಯ ಟ್ರ್ಯಾಕ್ಟರನ್ನು ಅಪ್ಪ ಕೊಂಡದ್ದು ನಾನು ಕೆಲಸಕ್ಕೆ ಸೇರಿದ ವರ್ಷ. ಅಂದರೆ ನಾವಿಬ್ಬರೂ ಒಂದೇ ಬ್ಯಾಚಿನವರು. ನಾನು ನಿವೃತ್ತನಾದೆ, ಅದು ಆಗಲಿಲ್ಲ. ಕೊಂಡಾಗ ನೀಲಿ ಬಣ್ಣದ್ದು. ಈಗ ಆ ನೀಲಿ ಉಳಿದಿರುವುದು ಬಾನೆಟ್ಟಿನ ಒಳಮಗ್ಗುಲಿನಲ್ಲಿ ಮಾತ್ರ. ಅಪ್ಪ ಅದನ್ನು ಸ್ಟಾರ್ಟ್ ಮಾಡುವ ಮುಂಚೆ ಹೆಗಲ ಮೇಲಿನ ಟವೆಲಿನಿಂದ ಸೀಟಿಗೆ ಎರಡೇಟು ಬಡಿದು, "ಹ್ಞೂಂ, ಏಳಪ್ಪಾ" ಎನ್ನುತ್ತಿದ್ದರು. ಮಾಗಿಯ ಚಳಿಯಲ್ಲಿ ಅದು ಏಳುವುದರೊಳಗೆ ನಮ್ಮ ಬೀದಿಯವರೆಲ್ಲ ಎದ್ದಿರುತ್ತಿದ್ದರು.

ನನಗೂ ಅದನ್ನು ಓಡಿಸುವ ಆಸೆ ಇತ್ತು. ಒಂದೇ ಒಂದು ಸಲ, ಅಪ್ಪ ಸಂತೆಗೆ ಹೋಗಿದ್ದಾಗ, ನಾನೇ ಉಳುತ್ತೇನೆ ಎಂದು ಹೊರಟು ಪಕ್ಕದವರ ಹಿಪ್ಪುನೇರಳೆ ತೋಟದಲ್ಲಿ ನಾಲ್ಕು ಸಾಲು ಮಲಗಿಸಿ ಬಂದೆ. ಆ ಸಲ ಅವರ ರೇಷ್ಮೆಹುಳುಗಳು ನನ್ನಿಂದಾಗಿ ಉಪವಾಸವಿದ್ದವು ಎಂದು ಆ ಮನೆಯ ಅಜ್ಜಿ ಕೊನೆಯತನಕ ಹೇಳುತ್ತಿದ್ದರು. ಅಪ್ಪ ಆಮೇಲೆ ಬೀಗದಕೈಯನ್ನು ನನ್ನ ಕೈಗೆ ಕೊಡಲಿಲ್ಲ.

ಅದು ಹೋದದ್ದು ಮುನಿರಾಜುವಿನ ಕೈಗೆ. ಮುನಿರಾಜು ನನ್ನ ಶಿಷ್ಯನೇ, ಹಿಂದಿನ ಬೆಂಚಿನವನು. ಎಸ್ಸೆಸ್ಸೆಲ್ಸಿಯಲ್ಲಿ ಮಿಕ್ಕ ಎಲ್ಲ ವಿಷಯದಲ್ಲಿ ಪಾಸಾಗಿ ನನ್ನ ವಿಜ್ಞಾನದಲ್ಲೇ ಫೇಲಾದ. "ಅವನ ತಲೆಗೆ ಏನೂ ಹತ್ತಲ್ಲ" ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದ್ದೆ. ಅವನು ಡ್ರೈವರಾದ. ಅಪ್ಪ ಇರುವವರೆಗೆ ಅಪ್ಪನಿಗೆ, ಆಮೇಲೆ ನನಗೆ, ಒಟ್ಟು ಇಪ್ಪತ್ತು ವರ್ಷ ನಮ್ಮ ಟ್ರ್ಯಾಕ್ಟರು ಓಡಿಸಿದ. ನಮ್ಮದೊಂದೇ ಅಲ್ಲ. ಊರಿನ ಇನ್ನೂ ನಾಲ್ಕೈದು ಮನೆಯವರು ಉಳುಮೆಗೆ, ಒಕ್ಕಣೆಗೆ ತಮ್ಮ ಗಾಡಿಗಳನ್ನು ಅವನಿಗೇ ಒಪ್ಪಿಸುತ್ತಿದ್ದರು. ಗಾಡಿ ಕೊಟ್ಟು ಬೆನ್ನು ತಿರುಗಿಸಿ ಮನೆಗೆ ಹೋಗಬಹುದಾದ ಡ್ರೈವರು ಎಂದು ಅವನಿಗೆ ಹೆಸರಿತ್ತು. ಜಮೀನು ಇಲ್ಲದ ಅವನ ಸಂಸಾರ ನಡೆಯುತ್ತಿದ್ದದ್ದು ಒಂದು ಹಸುವಿನ ಹಾಲು, ಮತ್ತೆ ಆ ಹೆಸರು, ಎರಡರ ಮೇಲೆ.

ಇನ್ನು ಹೋದ ವರ್ಷದ ಆಯುಧಪೂಜೆಗೆ ಬರುತ್ತೇನೆ.

ನಿವೃತ್ತನಾದವನಿಗೆ ಹೊತ್ತು ಹೋಗಬೇಕಲ್ಲ. ಆ ವರ್ಷ ಟ್ರ್ಯಾಕ್ಟರಿನ ಪೂಜೆಯನ್ನು ನಾನು ಭಾರಿಯಾಗಿಯೇ ಮಾಡಿದೆ. ಮುನಿರಾಜು ಹಬ್ಬಕ್ಕೆ ಹೆಂಡತಿಯ ತವರು ರಾಜಘಟ್ಟಕ್ಕೆ ಹೋಗಿದ್ದ. ನಾನೊಬ್ಬನೇ ಗಾಡಿ ತೊಳೆದು, ಒರೆಸಿ, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿದೆ. ಅಪ್ಪ ಪ್ರತಿವರ್ಷ ರೇಡಿಯೇಟರಿನ ಮುಂದೆ ಕುಂಕುಮ ಇಡುತ್ತಿದ್ದರು. ನಾನು ವಿಜ್ಞಾನದವನು, ಯೋಚನೆ ಮಾಡಿ ಇಡುವವನು. ಟ್ರ್ಯಾಕ್ಟರಿಗೆ ಮುಖ ಯಾವುದು? ಅದು ಉಣ್ಣುವ ಬಾಯಿ ಎಲ್ಲಿದೆಯೋ ಅದೇ ಮುಖ. ಬಾಯಿ ಎಂದರೆ ಬಾನೆಟ್ಟಿನ ಮೇಲೆ ನಟ್ಟನಡುವೆ ಇರುವ ಡೀಸೆಲ್ ಟ್ಯಾಂಕು. ಆದ್ದರಿಂದ ಅದರ ಮುಚ್ಚಳವೇ ಹಣೆ. ಈ ತರ್ಕ ನನಗೇ ಬಹಳ ಹಿಡಿಸಿಬಿಟ್ಟಿತು.

ಒಣ ಕುಂಕುಮ ಗಾಳಿಗೆ ಹಾರಿಹೋಗುತ್ತದೆ ಎಂದು ಹರಳೆಣ್ಣೆಯಲ್ಲಿ ಅರಿಸಿನ ಕುಂಕುಮ ಕಲಸಿ, ಮುಚ್ಚಳದ ತುಂಬ ದೋಸೆ ಹಿಟ್ಟು ಬಳಿದ ಹಾಗೆ ಬಳಿದೆ. ನಡುವೆ ಗಂಧದ ಒಂದು ಬೊಟ್ಟು ಇಟ್ಟೆ. ಎರಡು ದಿನದ ಬಿಸಿಲಿಗೆ ಅದು ಗಾರೆಯ ಹಾಗೆ ಗಟ್ಟಿಯಾಯಿತು. ಹಬ್ಬ ಮುಗಿಸಿ ಬಂದ ಮುನಿರಾಜು ನೋಡಿ, "ಏನ್ ಸಾ, ಮದುವೆ ಹೆಣ್ಣು ಮಾಡ್ಬುಟ್ಟಿದ್ದೀರಿ!" ಎಂದು ನಕ್ಕ. ನಾನೂ ಹಿಗ್ಗಿದೆ.

ಅದರ ಮರುವಾರದಿಂದ ಟ್ರ್ಯಾಕ್ಟರಿಗೆ ಕಾಯಿಲೆ ಶುರುವಾಯಿತು. ಹುರುಳಿ ಬಿತ್ತನೆಗೆ ಉಳುತ್ತಿರುವಾಗ ಕಾಲು ಗಂಟೆ ಚೆನ್ನಾಗಿ ಓಡಿ, ಕೆಮ್ಮಿ, ಉಸಿರು ಕಟ್ಟಿದ ಹಾಗೆ ಮಾಡಿ ನಿಂತುಬಿಡುತ್ತಿತ್ತು. ನಿಂತ ಮೇಲೆ ಸೆಲ್ಫ್ ಹೊಡೆದರೆ ಇಂಜಿನ್ನು ತಿರುಗುತ್ತಿತ್ತೇ ಹೊರತು ಏಳುತ್ತಿರಲಿಲ್ಲ. ಮುನಿರಾಜು ಇಳಿದು, ಟ್ಯಾಂಕಿನ ಮುಚ್ಚಳ ತೆಗೆದು, ಬೇವಿನ ಕಡ್ಡಿ ಅದ್ದಿ ಡೀಸೆಲ್ ಎಷ್ಟಿದೆ ನೋಡುತ್ತಿದ್ದ. ಬೇಕಾದಷ್ಟು ಇರುತ್ತಿತ್ತು. ಆಮೇಲೆ ಫಿಲ್ಟರಿನ ತಲೆಯ ಮೇಲಿನ ಸಣ್ಣ ಬೋಲ್ಟು ಸಡಿಲಿಸಿ, ಡೀಸೆಲಿನ ಜೊತೆ ಗುಳ್ಳೆ ಬರುವುದು ನಿಲ್ಲುವವರೆಗೆ ಕೈಪಂಪು ಒತ್ತಿ ಗಾಳಿ ತೆಗೆಯುತ್ತಿದ್ದ. ಒಂದೇ ಸೆಲ್ಫಿಗೆ ಗಾಡಿ ಏಳುತ್ತಿತ್ತು. ಮುಚ್ಚಳ ಹಾಕಿ ಮತ್ತೆ ಉಳಲು ಹೊರಟರೆ ಇನ್ನೊಂದು ಕಾಲು ಗಂಟೆಗೆ ಮತ್ತೆ ಅದೇ ಕೆಮ್ಮು.

ಒಂದು ಗಾಡಿ ಕೆಟ್ಟರೆ ಊರಿನಲ್ಲಿ ಎಷ್ಟು ಜನ ವೈದ್ಯರಿದ್ದಾರೆ ಎನ್ನುವುದು ಗೊತ್ತಾಗುತ್ತದೆ. ಬ್ಯಾಟರಿ ಬದಲಾಯಿಸಿ ಎಂದವರು ಒಬ್ಬರು. ದೃಷ್ಟಿಯಾಗಿದೆ, ಬೂದುಗುಂಬಳಕಾಯಿ ಒಡೆಯಿರಿ ಎಂದವರು ಇನ್ನೊಬ್ಬರು. ನಾನು ಎರಡನ್ನೂ ಮಾಡಿದೆ. ಕೊನೆಗೆ ದೊಡ್ಡಬಳ್ಳಾಪುರದಿಂದ ಮೆಕ್ಯಾನಿಕ್ ಬಾಷಾ ಭಾಯಿಯನ್ನು ಕರೆಸಿದೆ. ಅವರು ಮುಚ್ಚಳ ತೆಗೆದು ಪಕ್ಕಕ್ಕಿಟ್ಟು, ಹೊಸ ಫಿಲ್ಟರು ಹಾಕಿ, ಗಾಳಿ ತೆಗೆದು, ಒಂದು ಗಂಟೆ ಇಂಜಿನ್ನು ಓಡಿಸಿ ತೋರಿಸಿದರು. ಡಾಕ್ಟರನ್ನು ಕಂಡೊಡನೆ ಮಕ್ಕಳ ಹೊಟ್ಟೆನೋವು ಮಾಯವಾಗುವುದಿಲ್ಲವೇ, ಹಾಗೆ ನಮ್ಮ ಗಾಡಿ ಒಂದು ಸಲವೂ ಕೆಮ್ಮಲಿಲ್ಲ. ಬಾಷಾ ಭಾಯಿ ಚಹಾ ಕುಡಿದು, ಮುಚ್ಚಳ ಹಾಕಿ, ಸಲಾಂ ಹೇಳಿ ಹೋದರು. ಅವರ ಬೈಕು ಮೇನ್ ರೋಡು ಮುಟ್ಟುವುದರೊಳಗೆ ಟ್ರ್ಯಾಕ್ಟರು ನಿಂತಿತ್ತು.

ಆಗೊಂದು ದಿನ ಮುನಿರಾಜು ತಲೆ ಕೆರೆದುಕೊಳ್ಳುತ್ತ ಬಂದು ಹೇಳಿದ. "ಸಾ, ನಂಗೊಂದು ಅನುಮಾನ. ಮುಚ್ಚಳ ತೆಗ್ದಿಟ್ಟಾಗ ಗಾಡಿ ಓಡ್ತದೆ. ಹಾಕಿದ್ರೆ ನಿಲ್ತದೆ. ಮೂರ್ ದಿನದಿಂದ ನೋಡ್ತಾವ್ನಿ."

ನಾನು ಜೋರಾಗಿ ನಕ್ಕುಬಿಟ್ಟೆ. "ಮುಚ್ಚಳಕ್ಕೂ ಇಂಜಿನ್ನಿಗೂ ಏನೋ ಸಂಬಂಧ? ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿದರೆ ಒಲೆ ಆರಿಹೋಗುತ್ತೇನೋ? ಅದಕ್ಕೇ ಕಣೋ ನೀನು ಸೈನ್ಸಲ್ಲಿ ಫೇಲಾಗಿದ್ದು."

ಅವನೂ ನಕ್ಕ. ನಲವತ್ತೈದು ವರ್ಷದ ಮನುಷ್ಯ, ಹದಿನಾರು ವರ್ಷದ ಹುಡುಗನ ಹಾಗೆ ತಲೆ ತಗ್ಗಿಸಿ ನಕ್ಕ. ಮತ್ತೆ ಆ ಮಾತು ಎತ್ತಲಿಲ್ಲ.

ಡಿಸೆಂಬರಿನಲ್ಲಿ ರಾಗಿ ಒಕ್ಕಣೆ ಬಂತು. ಈಗ ಬಹಳ ಜನ ರಾಗಿ ತೆನೆಯನ್ನು ರಸ್ತೆಗೆ ಹಾಸಿಬಿಡುತ್ತಾರೆ, ಹೋಗುವ ಬರುವ ಲಾರಿ ಕಾರುಗಳೇ ಒಕ್ಕುತ್ತವೆ. ನಮ್ಮ ಮನೆಯಲ್ಲಿ ಇನ್ನೂ ಕಣ ಮಾಡುತ್ತೇವೆ. ನೆಲವನ್ನು ಕೆತ್ತಿ, ಸಗಣಿ ಸಾರಿಸಿ, ತೆನೆ ಹರಡಿ ಅದರ ಮೇಲೆ ಟ್ರ್ಯಾಕ್ಟರು ಸುತ್ತಿಸುತ್ತೇವೆ. ನಾನು ಚಿಕ್ಕವನಿದ್ದಾಗ ಎತ್ತುಗಳು ಕಲ್ಲಿನ ಗುಂಡು ಎಳೆದುಕೊಂಡು ಸುತ್ತುತ್ತಿದ್ದವು. ಅವುಗಳ ಹಿಂದೆ ನಾನು, ಬಾಲ ಹಿಡಿದುಕೊಂಡು. ಕಣಕ್ಕೆ ಚಪ್ಪಲಿ ಹಾಕಿಕೊಂಡು ಹೋಗಬಾರದು. ರಾಶಿ ಪೂಜೆ ಆಗುವವರೆಗೆ ಅಲ್ಲಿ ಗಟ್ಟಿಯಾಗಿ ಮಾತಾಡಬಾರದು, ಯಾರನ್ನೂ ಬೈಯಬಾರದು, ಬೈದರೆ ರಾಶಿಯ ಹುಲುಸು ಹೋಗುತ್ತದೆ. ಒಂದು ಸಲ ನಾನು ಹಸಿವಾಗಿ, "ಅಪ್ಪಾ, ಇನ್ನೂ ಮುಗೀಲಿಲ್ವಾ?" ಎಂದು ಕೂಗಿದೆ. ಅಪ್ಪ ಓಡಿಬಂದು ನನ್ನ ಬಾಯಿ ಮುಚ್ಚಿದರು. ಕಣದಲ್ಲಿ ಮುಗಿಯಿತು ಎನ್ನಬಾರದಂತೆ, ಹೆಚ್ಚಿತು ಎನ್ನಬೇಕಂತೆ. ಅಂಗೈಯಲ್ಲಿ ರಾಗಿ ಸುಂಕಿನ ಧೂಳು ಅಂಟಿತ್ತು, ನನ್ನ ತುಟಿಯೆಲ್ಲ ನವೆಯಾಯಿತು. ಅಪ್ಪ ಹೋಗಿ ಎಷ್ಟೋ ವರ್ಷವಾದರೂ ನಮ್ಮ ಕಣದಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು.

ಆ ದಿನ ಬೆಳಗ್ಗೆಯಿಂದ ಮೂಡಲ ದಿಕ್ಕು ಕಪ್ಪಾಗಿತ್ತು. ಚೆನ್ನೈ ಕಡೆ ಚಂಡಮಾರುತ, ಸಂಜೆಗೆ ಇಲ್ಲೂ ಮಳೆ ಎಂದು ಟಿವಿಯಲ್ಲಿ ಹೇಳುತ್ತಿದ್ದರು. ತೆನೆಯನ್ನು ಆಗಲೇ ಕಣದ ತುಂಬ ಹರಡಿಯಾಗಿತ್ತು. ಮುನಿರಾಜು ಟ್ರ್ಯಾಕ್ಟರು ಸುತ್ತುತ್ತಿದ್ದ. ಐದಾರು ಹೆಂಗಸರು ಹುಲ್ಲು ತಿರುವಿ ಹಾಕುತ್ತಿದ್ದರು. ಅವರಲ್ಲಿ ಮುನಿರಾಜುವಿನ ಹೆಂಡತಿ ರತ್ನಮ್ಮನೂ ಇದ್ದಳು. ಗಾಡಿ ಒಂದು ಗಂಟೆಯಿಂದ ಕೆಮ್ಮದೆ ಓಡುತ್ತಿತ್ತು. ಆದರೂ ನನ್ನ ಕಣ್ಣು ಮೋಡದ ಮೇಲೆಯೇ ಇತ್ತು.

ಮುನಿರಾಜು ನೀರು ಕುಡಿಯಲು ಗಾಡಿ ನಿಲ್ಲಿಸಿದಾಗ ನಾನು ಹತ್ತಿರ ಹೋದೆ. ನೋಡಿದರೆ ಟ್ಯಾಂಕಿನ ಬಾಯಿಯ ಮೇಲೆ ಮುಚ್ಚಳವೇ ಇಲ್ಲ. ಒಂದು ಹಳೆಯ ಬಟ್ಟೆಯನ್ನು ಬಾಯಿಗೆ ಕಟ್ಟಿದ್ದಾನೆ. ಮುಚ್ಚಳ ಅವನ ಸೀಟಿನ ಕೆಳಗೆ ಬಿದ್ದಿದೆ. ಆ ಒಂದು ತಿಂಗಳಿನಿಂದ ಡೀಸೆಲ್ ಎಂದಿಗಿಂತ ಬೇಗ ಖಾಲಿಯಾಗುತ್ತಿದೆಯಲ್ಲ ಎಂದು ನನಗೆ ಅನಿಸುತ್ತಿತ್ತು. ಎರಡೂ ಕೂಡಿಕೊಂಡವು. ನಾನು ಮಾತಾಡದೆ ಬಟ್ಟೆ ಕಿತ್ತೆಸೆದು, ಮುಚ್ಚಳ ಎತ್ತಿಕೊಂಡು, ಕೈ ನೋಯುವ ಹಾಗೆ ಬಿಗಿದು ತಿರುಗಿಸಿದೆ.

"ಸಾ, ಅದನ್ನ ಹಾಕ್ಬ್ಯಾಡಿ ಸಾ, ನಿಂತೋಯ್ತದೆ" ಎಂದ ಮುನಿರಾಜು.

"ನೀನು ಗಾಡಿ ಓಡಿಸು. ಮುಚ್ಚಳ ಮುಟ್ಟಬೇಡ" ಎಂದೆ.

ಅವನು ಓಡಿಸಿದ. ಕಾಲು ಗಂಟೆ. ಗಾಳಿ ಬೀಸತೊಡಗಿತ್ತು, ಹುಲ್ಲು ಎದ್ದು ಹಾರುತ್ತಿತ್ತು. ಟ್ರ್ಯಾಕ್ಟರು ಕೆಮ್ಮಿತು, ಕಣದ ನಡುವೆ ನಿಂತಿತು. ಮುನಿರಾಜು ಇಳಿದು ಮುಚ್ಚಳಕ್ಕೆ ಕೈಹಾಕಿದ. ಆಗ ನನ್ನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯುತ್ತೇನೆ.

"ಮುಟ್ಟಬೇಡ ಅಂದೆನಲ್ಲೋ! ಮುಚ್ಚಳ ತೆಗೆದಿಟ್ಟುಕೊಂಡು ದಿನಾ ಎಷ್ಟು ಡೀಸೆಲ್ ಎತ್ತುತ್ತಿದ್ದೀಯ? ಬಟ್ಟೆ ಕಟ್ಟಿ ಓಡಾಡ್ತೀಯ, ಕಸ ಬಿದ್ದು ಇಂಜಿನ್ ಹಾಳಾಯ್ತು. ಉಂಡ ಮನೆಗೆ ಎರಡು ಬಗೆಯೋ ಕಳ್ಳ ನೀನು! ಕಳ್ಳ!"

ನನ್ನದು ಕೊನೆಯ ಬೆಂಚಿನವರೆಗೂ ಮುಟ್ಟುವ ಗಂಟಲು. ಹೆಂಗಸರ ಕೈಗಳು ನಿಂತವು. ಪಕ್ಕದ ಹೊಲದಲ್ಲಿ ಮೆದೆ ಒಟ್ಟುತ್ತಿದ್ದವರು ತಿರುಗಿ ನೋಡಿದರು.

ಮುನಿರಾಜು ಮುಚ್ಚಳದಿಂದ ಕೈ ತೆಗೆದ. ಆಮೇಲೆ ಬೀಗದಕೈಯನ್ನು ಕಿತ್ತು ಸೀಟಿನ ಮೇಲಿಟ್ಟ. "ಕಣದಾಗೆ ನಿಂತ್ಕಂಡು ಅಂದ್ಬುಟ್ರಲ್ಲ ಸಾ" ಎಂದ. ದನಿ ಏರಿಸಲಿಲ್ಲ. ಬದುವಿನ ಮೇಲೆ ಬಿಟ್ಟಿದ್ದ ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಹೊರಟುಹೋದ.

ರತ್ನಮ್ಮ ಹೋಗಲಿಲ್ಲ. ಮಳೆ ಬರುವುದರೊಳಗೆ ಒಕ್ಕಿದ ರಾಗಿಯನ್ನು ಗುಡ್ಡೆ ಮಾಡಬೇಕಿತ್ತು. ಮಿಕ್ಕವರ ಜೊತೆ ಸೇರಿ ಗುಡಿಸಿದಳು, ಒಟ್ಟಿದಳು, ಟಾರ್ಪಾಲು ಎಳೆದು ನಾಲ್ಕು ಮೂಲೆಗೂ ಕಲ್ಲು ಹೇರಿದಳು. ಎಲ್ಲ ಆದ ಮೇಲೆ ಸರೋಜ ಕೊಟ್ಟ ಕಾಫಿ ಮುಟ್ಟದೆ ಮನೆಗೆ ಹೋದಳು. ಅವಳ ಗಂಡನನ್ನು ಕಳ್ಳ ಎಂದವನ ರಾಗಿ ಒಂದು ಕಾಳೂ ನೆನೆಯಲಿಲ್ಲ.

ಊರಿನಲ್ಲಿ ಮಾತು ಹರಡಲು ಒಂದು ದಿನ ಬೇಕಾಗಲಿಲ್ಲ. ಮೇಷ್ಟ್ರೇ ಹೇಳಿದ್ದಾರೆ ಎಂದ ಮೇಲೆ ಮುಗಿಯಿತು. ಉಳಿದ ಮನೆಯವರೂ ಮುನಿರಾಜುವನ್ನು ಒಕ್ಕಣೆಗೆ ಕರೆಯಲಿಲ್ಲ. ಯಾರೂ ಅವನ ಎದುರಿಗೆ ಏನೂ ಅನ್ನಲಿಲ್ಲ. "ಈ ಸಲ ಬೇರೆ ಡ್ರೈವರ್ ಬತ್ತಾವ್ನೆ ಕಣಪ್ಪಾ" ಎಂದು ಮೆಲ್ಲಗೆ ಜಾರಿಕೊಂಡರು. ಹತ್ತು ದಿನಕ್ಕೆ ಅವನು ನೆಲಮಂಗಲದ ಕಡೆ ಒಂದು ಗೋಡೌನಿಗೆ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿದ. ಇಪ್ಪತ್ತು ವರ್ಷ ಸ್ಟೇರಿಂಗು ಹಿಡಿದ ಕೈ. ಈಗಲೂ ಅಲ್ಲೇ ಇದ್ದಾನೆ.

ಗಾಡಿಯನ್ನು ಸರಿಮಾಡಿ ತೋರಿಸುತ್ತೇನೆ ಎಂದು ನಾನು ಹಟ ಹಿಡಿದೆ. ಕಳ್ಳ ಹೋದನಲ್ಲ, ಇನ್ನು ಓಡಲೇಬೇಕು. ಅಪ್ಪನ ಟ್ರಂಕಿನಿಂದ ಟ್ರ್ಯಾಕ್ಟರಿನ ಹಳೆಯ ಪುಸ್ತಕ ತೆಗೆದು, ಕೊಟ್ಟಿಗೆಯಲ್ಲಿ ನಾನೊಬ್ಬನೇ ಕೂತು ಪಾಠ ಶುರುಮಾಡಿದೆ. ಗಾಳಿ ತೆಗೆದೆ. ಎದ್ದಿತು. ನಿಂತಿತು. ಮೂರನೆಯ ದಿನ ಅದು ನಿಂತ ಕೂಡಲೇ, ಕೋಪದಲ್ಲಿ, ಡೀಸೆಲ್ ನೋಡೋಣವೆಂದು ಮುಚ್ಚಳ ತಿರುಗಿಸಿದೆ. ಮುಚ್ಚಳ ಒಂದು ಸುತ್ತು ಸಡಿಲಾಗುತ್ತಲೇ ಒಳಗಿನಿಂದ ಸ್ಸ್ಸ್ ಎಂದು ಸದ್ದು ಬಂತು. ಟ್ಯಾಂಕು ಉದ್ದಕ್ಕೆ ಉಸಿರು ಎಳೆದುಕೊಂಡಿತು.

ಆ ಸದ್ದು ಕೇಳಿದಾಗಲೇ ನನಗೆ ಎಲ್ಲ ಅರ್ಥವಾಯಿತು. ಮುಚ್ಚಳವನ್ನು ಬೆಳಕಿಗೆ ಹಿಡಿದೆ. ಉಗುರಿನಿಂದ ಕೆರೆದೆ. ಎರಡು ತಿಂಗಳ ಹಿಂದೆ ನಾನು ಬಳಿದ ಕುಂಕುಮ ಹಕ್ಕಳೆ ಹಕ್ಕಳೆಯಾಗಿ ಎದ್ದುಬಂತು. ನಟ್ಟನಡುವೆ, ಗಂಧದ ಬೊಟ್ಟಿನ ಕೆಳಗೆ, ಸೂಜಿ ಹೋಗುವಷ್ಟು ಒಂದು ತೂತು. ಟ್ಯಾಂಕಿನಿಂದ ಡೀಸೆಲ್ ಇಳಿದ ಹಾಗೆಲ್ಲ ಮೇಲಿನಿಂದ ಗಾಳಿ ಒಳಗೆ ಹೋಗಲಿ ಎಂದು ಮಾಡಿದ ತೂತು. ಅದು ಮುಚ್ಚಿದರೆ ಕಾಲು ಗಂಟೆಯಲ್ಲಿ ಡೀಸೆಲ್ ಇಳಿಯುವುದು ನಿಲ್ಲುತ್ತದೆ. ಮುಚ್ಚಳ ತೆಗೆದರೆ ಸರಿಹೋಗುತ್ತದೆ. ಬಾನೆಟ್ಟಿನ ಮೇಲೆ ನೋಡಿದೆ. ಅವನು ತಿಂಗಳಿನಿಂದ ಕಟ್ಟುತ್ತಿದ್ದ ಬಟ್ಟೆಯ ಸಂದಿನಿಂದ ತುಳುಕಿ ಹರಿದ ಡೀಸೆಲಿನ ಗುರುತಿಗೆ ಧೂಳು ಅಂಟಿ ಎರಡೂ ಪಕ್ಕಕ್ಕೆ ಪಟ್ಟೆ ಪಟ್ಟೆಯಾಗಿತ್ತು. ಕಳುವಾದ ಡೀಸೆಲೆಲ್ಲ ಅಲ್ಲಿತ್ತು.

ಎಣ್ಣೆ ಡಬ್ಬಕ್ಕೆ ಒಂದೇ ತೂತು ಹಾಕಿದರೆ ಎಣ್ಣೆ ಬೀಳುವುದಿಲ್ಲ, ಎದುರಿಗೆ ಇನ್ನೊಂದು ಹಾಕಿದರೆ ಧಾರೆಯಾಗಿ ಬೀಳುತ್ತದೆ. ವಾಯುಭಾರದ ಪಾಠ. ಪ್ರತಿ ವರ್ಷ ಒಂದು ಡಬ್ಬ, ಒಂದು ಮೊಳೆ, ಒಂದು ಸುತ್ತಿಗೆ ತೆಗೆದುಕೊಂಡು ಹೋಗಿ ನಾನೇ ಮಾಡಿ ತೋರಿಸುತ್ತಿದ್ದ ಪ್ರಯೋಗ. ಮುನಿರಾಜುವಿಗೂ ತೋರಿಸಿದ್ದೇನೆ. ಅವನು ಪಾಠ ಮರೆತರೂ ಕಣ್ಣಾರೆ ನೋಡಿ ಹೇಳಿದ್ದ. ನಾನು ಪಾಠ ನೆನಪಿಟ್ಟುಕೊಂಡು ಕಣ್ಣು ಮುಚ್ಚಿಕೊಂಡಿದ್ದೆ. ಕೊಟ್ಟಿಗೆಯಲ್ಲಿ ಯಾರೂ ಇರಲಿಲ್ಲ, ಆದರೂ ನನ್ನ ಮುಖ ಬಿಸಿಯಾಯಿತು, ಕಿವಿ ಸುಟ್ಟಿತು.

ಪಿನ್ನಿನಿಂದ ತೂತು ಬಿಡಿಸಿ, ಮುಚ್ಚಳ ಹಾಕಿ, ಸ್ಟಾರ್ಟ್ ಮಾಡಿದೆ. ಮಧ್ಯಾಹ್ನವೆಲ್ಲ ಓಡಿತು.

ಇಲ್ಲಿಗೆ ಕತೆ ಮುಗಿದಿದ್ದರೆ ನಾನು ಬರೀ ದಡ್ಡ ಎನಿಸಿಕೊಂಡು ಪಾರಾಗುತ್ತಿದ್ದೆ. ಆದರೆ ನಾನು ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ "ಫಿಲ್ಟರಿನಲ್ಲಿ ಕಸ ಇತ್ತು, ತೆಗೆದೆ" ಎಂದೆ. ಕಸ ಎಂದರೆ ಯಾರು ಬೀಳಿಸಿದ ಕಸ ಎಂದು ಅವರೇ ಅರ್ಥಮಾಡಿಕೊಂಡರು. ನಾನು ತಿದ್ದಲಿಲ್ಲ. ಹೀಗೆ ಮೂರು ವಾರ. ಸರೋಜ ಮಾತ್ರ ಮೊದಲ ದಿನವೇ ಊಟಕ್ಕೆ ಕೂತಾಗ ನನ್ನ ಉಗುರಿನ ಸಂದಿಯ ಕುಂಕುಮ ನೋಡಿ, ಎಲ್ಲ ಬಿಡಿಸಿ ಕೇಳಿ ತಿಳಿದ ಮೇಲೆ, ಒಂದೇ ಮಾತು ಕೇಳಿದಳು. "ಯಾವಾಗ ಹೋಗ್ತೀರಿ ಅವರ ಮನೆಗೆ?" ನಾಳೆ ಎಂದೆ. ದಿನಾ ಕೇಳುತ್ತಿದ್ದಳು, ದಿನಾ ನಾಳೆ ಎನ್ನುತ್ತಿದ್ದೆ.

ಕೊನೆಗೊಂದು ಭಾನುವಾರ ಹೋದೆ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಜೇಬಿನಲ್ಲಿ ಆ ಮುಚ್ಚಳ. ಮುನಿರಾಜು ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿದ. ರತ್ನಮ್ಮ ಮಜ್ಜಿಗೆ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ನಾನು ಎಲ್ಲವನ್ನೂ ಹೇಳಿದೆ. ಹೇಳುವಾಗ ಅವನ ಮುಖ ನೋಡಲಾಗದೆ ಮಜ್ಜಿಗೆ ಲೋಟ ನೋಡಿಕೊಂಡು ಹೇಳಿದೆ. ಅವನು ಮುಚ್ಚಳವನ್ನು ಕೈಗೆ ತೆಗೆದುಕೊಂಡು, ಕಣ್ಣಿಗೆ ಹಿಡಿದು, ತೂತಿನಿಂದ ಬೆಳಕು ನೋಡಿದ. ಒಂದು ಗಳಿಗೆ ಅವನ ಮುಖ ಅರಳಿತು.

"ಅಂಗಾರೆ ನಾನ್ ಯೋಳಿದ್ದು ಸರಿ ಅನ್ನಿ ಸಾ!"

"ಸರಿ ಕಣೋ. ನೀನು ಹೇಳಿದ್ದೇ ಸರಿ. ನನ್ನದು ತಪ್ಪಾಯಿತು."

ಅವನು ಮುಚ್ಚಳವನ್ನು ಒರೆಸಿ ನನ್ನ ಮುಂದಿಟ್ಟ. "ನೀವು ಬಂದಿದ್ದೇ ದೊಡ್ಡದು ಸಾ. ಆದ್ರೆ ನಾನ್ ಕದ್ದಿಲ್ಲ ಅಂತ ನಮ್ಮನೇಲಿ ಮೊದ್ಲೇ ಗೊತ್ತಿತ್ತು. ಗೊತ್ತಾಗ್ಬೇಕಾಗಿರೋದು ಇಲ್ಲಿ ಅಲ್ಲ."

ಮಾರನೆಯ ಬೆಳಗ್ಗೆ ಹಾಲಿನ ಡೈರಿಗೆ ಹೋದೆ. ಆ ಹೊತ್ತಿಗೆ ಇಡೀ ಊರು ಕ್ಯಾನು ಹಿಡಿದು ಅಲ್ಲಿ ಸಾಲು ನಿಂತಿರುತ್ತದೆ. ರತ್ನಮ್ಮನೂ ಸಾಲಿನಲ್ಲಿದ್ದಳು. ನಾನು ಡೈರಿಯ ಮೆಟ್ಟಿಲ ಮೇಲೆ ನಿಂತು, "ಎಲ್ಲರೂ ಒಂದು ನಿಮಿಷ ಕೇಳಿ" ಎಂದೆ. ಎಲ್ಲರೂ ಕ್ಲಾಸಿನ ಹಾಗೆ ಸುಮ್ಮನಾದರು. ಜೇಬಿನಿಂದ ಮುಚ್ಚಳ ತೆಗೆದು ಎತ್ತಿ ಹಿಡಿದೆ.

"ಇದರ ನಡುವೆ ಒಂದು ತೂತಿದೆ. ಕಾಣುತ್ತಾ? ಈ ತೂತು ಮುಚ್ಚಿಹೋದರೆ ಡೀಸೆಲ್ ಇಳಿಯೋದಿಲ್ಲ. ಯಾಕೆ ಹೇಳಿ ನೋಡೋಣ?"

"ವಾಯುಭಾರ ಸಾ!" ಎಂದ ಸಾಲಿನ ನಡುವಿನಿಂದ ಒಬ್ಬ, ಎರಡು ಮಕ್ಕಳ ತಂದೆ.

"ಭೇಷ್!" ಎಂದೆ. ಡೈರಿ ಸೆಕ್ರೆಟರಿ, "ನಮ್ಮ ಎಣ್ಣೆ ಡಬ್ಬದ ತರಾನೇ ಅಲ್ವಾ ಸಾ?" ಎಂದು ಕೇಳಿದರು. ನಾನು ಅವರಿಗೆ ವಿವರಿಸತೊಡಗಿದೆ. ಹೊರಗಿನ ಗಾಳಿಯ ಒತ್ತಡ ಎಷ್ಟು, ಒಳಗೆ ಏನಾಗುತ್ತದೆ, ಬೆರಳಿನಿಂದ ಗಾಳಿಯಲ್ಲಿ ಚಿತ್ರ ಬರೆದು ತೋರಿಸಿದೆ. ಜನ ತಲೆದೂಗಿದರು. ಎಷ್ಟೋ ದಿನಗಳ ಮೇಲೆ ಪಾಠ ಮಾಡಿದ ಸುಖ ಮೈಗೆಲ್ಲ ಹರಿಯಿತು. ಆಗ ಸಾಲಿನಲ್ಲಿ ರತ್ನಮ್ಮನ ಮುಖ ಕಂಡಿತು. ಇಷ್ಟು ಹೊತ್ತಾದರೂ ನಾನು ಮುನಿರಾಜುವಿನ ಹೆಸರನ್ನೇ ಎತ್ತಿರಲಿಲ್ಲ.

"ಅದಕ್ಕೇ... ಆ ತೂತು ಮುಚ್ಚಿದ್ದು ನಾನು. ಕುಂಕುಮ ಬಳಿದು. ಮುನಿರಾಜುದು ಏನೂ ತಪ್ಪಿಲ್ಲ" ಎಂದೆ. ದನಿ ತಾನಾಗಿ ಇಳಿದುಹೋಗಿತ್ತು.

ಮುಂದೆ ನಿಂತಿದ್ದ ಹಿರಿಯರೊಬ್ಬರು ನಿಟ್ಟುಸಿರು ಬಿಟ್ಟರು. "ನೋಡ್ರಯ್ಯ, ಮೇಷ್ಟ್ರು ಮನ್ಸು ಎಷ್ಟ್ ದೊಡ್ಡದು. ಅವ್ನು ಮಾಡಿದ್ನ ತಮ್ಮ ಮ್ಯಾಲೆ ಹಾಕ್ಕಂಡು ಅವನ ಮರ್ವಾದೆ ಉಳುಸ್ತಾವ್ರೆ. ಈ ಕಾಲ್ದಾಗೆ ಯಾರ್ ಮಾಡ್ತಾರೆ?"

"ಇಲ್ಲಪ್ಪಾ, ನಿಜವಾಗಿ ನನ್ನದೇ ತಪ್ಪು" ಎಂದೆ.

"ಅದೇ ಸಾ, ನೀವು ಇನ್ನೇನಂತೀರಿ. ದೇವ್ರಂಥೋರು" ಎಂದರು ಸೆಕ್ರೆಟರಿ. ನಾನು ಇಲ್ಲ ಇಲ್ಲ ಎಂದಷ್ಟೂ ಅವರ ಕಣ್ಣಿನಲ್ಲಿ ನಾನು ಬೆಳೆಯುತ್ತಲೇ ಹೋದೆ. ಒಬ್ಬ ಹಳೆಯ ಶಿಷ್ಯ ಬಂದು ಕಾಲು ಮುಟ್ಟಿದ. ಸಾಲು ಮತ್ತೆ ಸರಿಯತೊಡಗಿತು.

ರತ್ನಮ್ಮನ ಸರದಿ ಬಂತು. ಹಾಲು ಅಳೆಸಿದಳು, ಚೀಟಿ ತೆಗೆದುಕೊಂಡಳು, ಖಾಲಿ ಕ್ಯಾನು ಹಿಡಿದು ಮೆಟ್ಟಿಲಿಳಿಯುವಾಗ ನನ್ನ ಹತ್ತಿರ ನಿಂತಳು.

"ನೀವು ಯೋಳಿದ್ರಿ ಸಾ, ನಾನು ಕೇಳಿಸ್ಕಂಡೆ. ಆದ್ರೆ ಅವತ್ತು ಕಳ್ಳ ಅಂದಾಗ ಯಾರ್ಗೂ ಪಾಠ ಮಾಡ್ನಿಲ್ಲ ನೀವು. ಒಂದೇ ಮಾತು ಕೂಗಿದ್ರಿ. ಎಲ್ರಿಗೂ ಕೇಳಿಸ್ತು."

ಅಷ್ಟು ಹೇಳಿ ಅವಳು ಹೊರಟಳು. ಡೈರಿಯ ಕಡೆಗೆ ತಿರುಗಿ, ಕಣದಲ್ಲಿ ಹೇಗೆ ಕಿರುಚಿದ್ದೆನೋ ಹಾಗೆಯೇ, ಅಷ್ಟೇ ಜೋರಾಗಿ ಕಿರುಚಿದೆ.

"ಮುನಿರಾಜು ಕಳ್ಳ ಅಲ್ಲ ಕಣ್ರೋ! ಅವನು ಒಂದು ತೊಟ್ಟು ಡೀಸೆಲ್ ಮುಟ್ಟಿಲ್ಲ. ಸುಳ್ಳು ಹೇಳಿದೋನು ನಾನು. ಗೊತ್ತಾದ ಮೇಲೂ ಮೂರು ವಾರ ಮುಚ್ಚಿಟ್ಟುಕೊಂಡಿದ್ದೋನು ನಾನು! ನನ್ನದು ದೊಡ್ಡ ಮನಸ್ಸಲ್ಲ!"

ಕೊನೆಯ ಮಾತು ಅಳುವಿನ ಹಾಗೆ ಬಂತು. ಈ ಸಲ ಯಾರೂ ತಲೆದೂಗಲಿಲ್ಲ, ದೇವರಂಥವರು ಎನ್ನಲಿಲ್ಲ. ಹಾಲು ಅಳೆಯುವವನ ಕೈ ಅರ್ಧಕ್ಕೇ ನಿಂತಿತ್ತು. ಕಾಲು ಮುಟ್ಟಿದ್ದ ಶಿಷ್ಯ ಬೇರೆ ಕಡೆ ನೋಡುತ್ತಿದ್ದ.

ರತ್ನಮ್ಮ ಆ ವೇಳೆಗೆ ಅರಳಿಕಟ್ಟೆಯ ಹತ್ತಿರ ಹೋಗಿದ್ದಳು. ಅವಳಿಗೆ ಕೇಳಿಸಿತು. ಅಲ್ಲೇ ಒಂದು ಗಳಿಗೆ ನಿಂತು, ಕ್ಯಾನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು, ತಿರುಗಿ ನೋಡದೆ ಮನೆಗೆ ಹೋದಳು.